ಬೆರಳು ಮರಗಟ್ಟಿದೆಯೇ? ಮೊದಲು ಯಾವ ಬೆರಳು ಎಂದು ನೋಡಿಕೊಳ್ಳಿ

ಕೈ ಜೋಮು ಹಿಡಿಯುತ್ತಿದೆ ಎಂದು ಹೋದವರಿಗೆ ವೈದ್ಯರು ಮೊದಲು ಕೇಳುವುದು "ಯಾವ ಬೆರಳು?" ಎಂದು. ಬಹಳ ಮಂದಿ ಈ ಪ್ರಶ್ನೆಗೆ ತಯಾರಿರುವುದಿಲ್ಲ. "ಇಡೀ ಕೈ" ಎಂದುಬಿಡುತ್ತಾರೆ. ನಾಲ್ಕು ದಿನ ಗಮನವಿಟ್ಟು ನೋಡಿದರೆ ಕಿರುಬೆರಳಿಗೆ ಏನೂ ಆಗಿಲ್ಲ, ಹೆಬ್ಬೆರಳಿನಿಂದ ನಡುಬೆರಳವರೆಗೆ ಮಾತ್ರ ಸ್ಪರ್ಶ ಮಂದವಾಗಿದೆ ಎಂಬುದು ತಿಳಿಯುತ್ತದೆ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಏಕೆಂದರೆ ಅಂಗೈಯ ಚರ್ಮವನ್ನು ನರಗಳು ತಮ್ಮ ತಮ್ಮೊಳಗೆ ಹಂಚಿಕೊಂಡಿವೆ, ಆ ಹಂಚಿಕೆ ಹೆಚ್ಚುಕಡಿಮೆ ಎಲ್ಲರಲ್ಲೂ ಒಂದೇ ರೀತಿ ಇರುತ್ತದೆ.

ಮರಗಟ್ಟುವಿಕೆ ಒಂದು ರೋಗದ ಹೆಸರಲ್ಲ, ಲಕ್ಷಣ. ಅದರ ಮೂಲ ಮಣಿಕಟ್ಟಿನಲ್ಲಿರಬಹುದು, ಮೊಣಕೈಯಲ್ಲಿರಬಹುದು, ಕತ್ತಿನಲ್ಲಿರಬಹುದು, ಮಿದುಳಿನಲ್ಲಿರಬಹುದು. ರಕ್ತದಲ್ಲಿ ಏರಿದ ಸಕ್ಕರೆಯೋ ಇಳಿದ ವಿಟಮಿನ್ ಬಿ12 ಮಟ್ಟವೋ ಕಾರಣವಾಗಿರಬಹುದು. ಇಷ್ಟು ದೊಡ್ಡ ಸಾಲನ್ನು ಓದಿದ ಕೂಡಲೇ ಗಾಬರಿಯಾಗುವುದು ಸಹಜ. ಆದರೆ ಯಾವ ಬೆರಳು, ಯಾವ ಹೊತ್ತಿನಲ್ಲಿ, ಹೇಗೆ ಶುರುವಾಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಸಾಲು ಬಹುಬೇಗ ಚಿಕ್ಕದಾಗುತ್ತದೆ.

ತಡಮಾಡಬಾರದ ಸಂದರ್ಭಗಳನ್ನು ಮೊದಲೇ ಹೇಳಿಬಿಡುತ್ತೇನೆ. ಇದ್ದಕ್ಕಿದ್ದಂತೆ, ನಿಮಿಷಗಳೊಳಗೆ, ದೇಹದ ಒಂದೇ ಪಕ್ಕದ ಕೈ ಮರಗಟ್ಟಿತು. ಜೊತೆಗೆ ಬಾಯಿ ಸೊಟ್ಟಗಾಯಿತು, ಮಾತು ತೊದಲಿತು, ಕೈ ಎತ್ತಿದರೆ ಕೆಳಗೆ ಜಾರುತ್ತಿದೆ, ಒಂದು ಕಣ್ಣಿಗೆ ಕತ್ತಲೆ ಕವಿಯಿತು, ಕಾಲು ಎಳೆಯುತ್ತಿದೆ ಎಂದಾದರೆ ಅದನ್ನು ಪಾರ್ಶ್ವವಾಯು ಎಂದೇ ಭಾವಿಸಿ ಆಸ್ಪತ್ರೆಗೆ ಓಡಬೇಕು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ, ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಮಿದುಳಿನ ಆಳದಲ್ಲಿ ಥಲಾಮಸ್ ಎಂಬ ಭಾಗವಿದೆ. ಅಲ್ಲಿ ಕೈ ಮತ್ತು ಬಾಯಿಯ ಸ್ಪರ್ಶದ ಜಾಗಗಳು ಅಕ್ಕಪಕ್ಕದಲ್ಲಿವೆ. ಆದ್ದರಿಂದ ಅಲ್ಲಿ ಆಗುವ ಒಂದು ಸಣ್ಣ ಆಘಾತವೂ ಒಂದೇ ಪಕ್ಕದ ಬೆರಳುಗಳನ್ನೂ ತುಟಿಯ ಅಂಚನ್ನೂ ಒಟ್ಟಿಗೆ ಮರಗಟ್ಟಿಸಬಲ್ಲದು. ಕೈಯಲ್ಲಿ ಬಲವಿದೆಯಲ್ಲ ಎಂದು ಅದನ್ನು ಕಡೆಗಣಿಸಬಾರದು. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋದರೂ ಅಂದೇ ತೋರಿಸಿಕೊಳ್ಳಬೇಕು, ಏಕೆಂದರೆ ಹೀಗೆ ಬಂದು ಹೋಗುವುದು ಮುಂದೆ ಬರಲಿರುವ ದೊಡ್ಡ ಆಘಾತದ ಮುನ್ಸೂಚನೆಯಾಗಿರಬಹುದು. ಎದೆಯಲ್ಲಿ ಬಿಗಿತ, ಬೆವರು, ಉಸಿರುಕಟ್ಟುವಿಕೆಯ ಜೊತೆಗೆ ಎಡಗೈ ಜೋಮು ಹಿಡಿದರೂ ಅಷ್ಟೇ, ಕಾಯಬಾರದು. ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರ ಬೆರಳು ಮರಗಟ್ಟಿ, ಊದಿಕೊಂಡು, ನೋವು ತಾಸಿನಿಂದ ತಾಸಿಗೆ ಏರುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ವಾಪಸು ಹೋಗಬೇಕು.

ಇವು ಅಪರೂಪ. ಹೆಚ್ಚಿನವರ ಮರಗಟ್ಟುವಿಕೆ ನಿಧಾನವಾಗಿ, ವಾರಗಟ್ಟಲೆ, ತಿಂಗಳುಗಟ್ಟಲೆ ಬೆಳೆಯುತ್ತದೆ.

ಜೋಮು ಹಿಡಿದಾಗ ಒಳಗೆ ಏನಾಗುತ್ತದೆ

"ರಕ್ತ ಓಡಾಡುತ್ತಿಲ್ಲ, ಅದಕ್ಕೇ ಜೋಮು" ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಇದರಲ್ಲಿ ಸ್ವಲ್ಪ ಸತ್ಯವಿದೆ, ಆದರೆ ನಾವು ಅಂದುಕೊಂಡ ರೀತಿಯಲ್ಲಿ ಅಲ್ಲ. ಕೈಯ ಮೇಲೆ ತಲೆಯಿಟ್ಟು ಮಲಗಿದಾಗ ಬೆರಳಿಗೆ ಹೋಗುವ ದೊಡ್ಡ ರಕ್ತನಾಳ ಸಾಮಾನ್ಯವಾಗಿ ಮುಚ್ಚುವುದಿಲ್ಲ, ಬೆರಳು ಬೆಚ್ಚಗೇ ಇರುತ್ತದೆ, ಬಣ್ಣವೂ ಕೆಡುವುದಿಲ್ಲ. ಒತ್ತಡಕ್ಕೆ ಸಿಕ್ಕಿರುವುದು ನರ. ನರಕ್ಕೂ ಆಹಾರ ಬೇಕು, ಅದನ್ನು ತರುವ ಕೂದಲಿನಷ್ಟು ತೆಳುವಾದ ರಕ್ತನಾಳಗಳು ನರದ ಮೈಮೇಲೆಯೇ ಹರಡಿಕೊಂಡಿವೆ. ಒತ್ತಡ ಬಿದ್ದಾಗ ಅವು ಅಮುಕಿಹೋಗಿ ನರದ ಸಂದೇಶ ಅಲ್ಲಿಗೇ ನಿಲ್ಲುತ್ತದೆ.

ನರವೆಂದರೆ ಸಾವಿರಾರು ಎಳೆಗಳ ಕಟ್ಟು. ಸ್ಪರ್ಶವನ್ನು ಒಯ್ಯುವ ದಪ್ಪ ಎಳೆಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಒತ್ತಡಕ್ಕೆ ಮೊದಲು ಸೋಲುವುದು ಇವೇ. ನೋವನ್ನು ಒಯ್ಯುವ ತೆಳು ಎಳೆಗಳು ಇನ್ನೂ ಸ್ವಲ್ಪ ಹೊತ್ತು ತಾಳಿಕೊಳ್ಳುತ್ತವೆ. ಆದ್ದರಿಂದಲೇ ಜೋಮು ಹಿಡಿದ ಬೆರಳಿಗೆ ಬಟ್ಟೆಯ ನಯ ತಿಳಿಯದಿದ್ದರೂ ಸೂಜಿ ಚುಚ್ಚಿದರೆ ನೋವಾಗುತ್ತದೆ. ಒತ್ತಡ ತೆಗೆದ ಮೇಲೆ ಚೇತರಿಸಿಕೊಳ್ಳುತ್ತಿರುವ ಎಳೆಗಳು ಯಾರೂ ಮುಟ್ಟದಿದ್ದರೂ ತಾವಾಗಿಯೇ ಸಂದೇಶ ಕಳಿಸುತ್ತವೆ. ಇರುವೆ ಹರಿದಾಡಿದಂತೆ, ಸಣ್ಣ ಸೂಜಿಗಳು ಚುಚ್ಚಿದಂತೆ ಅನ್ನಿಸುವುದು ಆಗಲೇ.

ಕೆಲವು ನಿಮಿಷಗಳ ಒತ್ತಡದಿಂದ ಯಾವ ಹಾನಿಯೂ ಇಲ್ಲ. ಅದೇ ಜಾಗದಲ್ಲಿ ತಿಂಗಳುಗಟ್ಟಲೆ ಒತ್ತಡ ಬಿದ್ದರೆ ಮಯಲಿನ್ ಹೊದಿಕೆ ಸವೆಯುತ್ತದೆ. ಇನ್ನೂ ಮುಂದುವರಿದರೆ ಒಳಗಿನ ಎಳೆಯೇ ಸಾಯುತ್ತದೆ. ಸವೆದ ಹೊದಿಕೆ ವಾರಗಳಲ್ಲಿ, ಕೆಲವು ತಿಂಗಳಲ್ಲಿ ಮತ್ತೆ ಬೆಳೆಯಬಲ್ಲದು. ಸತ್ತ ಎಳೆಯ ಕಥೆ ಬೇರೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಬಂದು ಹೋಗುತ್ತಿದ್ದ ಜೋಮು ಈಗ ಹೋಗುವುದನ್ನೇ ನಿಲ್ಲಿಸಿದೆ ಎಂದರೆ ನರ ಒಂದು ಹಂತದಿಂದ ಇನ್ನೊಂದಕ್ಕೆ ದಾಟುತ್ತಿದೆ ಎಂದರ್ಥ. ಈ ಬದಲಾವಣೆಯನ್ನು ಗುರುತಿಸುವುದು ಬಹಳ ಮುಖ್ಯ.

ಹೆಬ್ಬೆರಳು, ತೋರುಬೆರಳು, ನಡುಬೆರಳು

ಬೆರಳು ಮರಗಟ್ಟಲು ಅತಿ ಸಾಮಾನ್ಯ ಕಾರಣಗಳಲ್ಲಿ ಒಂದು ಮಣಿಕಟ್ಟಿನಲ್ಲಿ ಮೀಡಿಯನ್ ನರ ಅಮುಕಿಕೊಳ್ಳುವುದು. ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ಕೇಳಿರುತ್ತೀರಿ. ಮಣಿಕಟ್ಟಿನ ಚಿಕ್ಕ ಚಿಕ್ಕ ಮೂಳೆಗಳು ಕಮಾನಿನಂತೆ ಜೋಡಿಸಿಕೊಂಡು, ಮೇಲೆ ದಪ್ಪನೆಯ ಅಸ್ಥಿರಜ್ಜು ಹೊದಿಸಿ ಒಂದು ಕಿರಿದಾದ ದಾರಿಯನ್ನು ಮಾಡಿವೆ. ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳು ಮತ್ತು ಮೀಡಿಯನ್ ನರ, ಒಟ್ಟು ಹತ್ತು, ಇದರೊಳಗೇ ತೂರಿ ಹೋಗಬೇಕು. ಗೋಡೆ ಮೂಳೆಯದ್ದು, ಚಾವಣಿ ಬಿಗಿಯಾದದ್ದು, ಎರಡೂ ಹಿಗ್ಗುವುದಿಲ್ಲ. ಒಳಗೆ ಯಾವುದೇ ಒಂದು ಸ್ವಲ್ಪ ಊದಿಕೊಂಡರೂ ಒತ್ತಡ ತಿನ್ನುವುದು ಎಲ್ಲಕ್ಕಿಂತ ಮೃದುವಾದ ನರ.

ಇದರ ಗುರುತು ರಾತ್ರಿಯಲ್ಲಿದೆ. ನಿದ್ದೆಯಲ್ಲಿ ನಾವು ಮಣಿಕಟ್ಟನ್ನು ಮಡಚಿಕೊಂಡು ಮಲಗುತ್ತೇವೆ. ಮಡಚಿದಾಗ ಆ ದಾರಿಯೊಳಗಿನ ಒತ್ತಡ ಹಲವು ಪಟ್ಟು ಏರುತ್ತದೆ. ನಡುರಾತ್ರಿ ಎಚ್ಚರವಾಗಿ, ಉರಿಯುವ, ಜುಮುಗುಟ್ಟುವ ಕೈಯನ್ನು ಹಾಸಿಗೆಯ ಅಂಚಿನಲ್ಲಿ ಝಾಡಿಸಿ, ಐದು ನಿಮಿಷದಲ್ಲಿ ಸರಿಹೋದ ಮೇಲೆ ಮತ್ತೆ ಮಲಗುವುದು. ಇದನ್ನು ಹೇಳಿದವರ ರೋಗವನ್ನು ವೈದ್ಯರು ಕೈ ಮುಟ್ಟುವ ಮೊದಲೇ ಊಹಿಸಿರುತ್ತಾರೆ. ಹಗಲಲ್ಲಿ ಫೋನ್ ಹಿಡಿದು ಮಾತಾಡುವಾಗ, ಬೈಕ್ ಓಡಿಸುವಾಗ, ಪುಸ್ತಕ ಎತ್ತಿ ಹಿಡಿದು ಓದುವಾಗಲೂ ಬರುತ್ತದೆ. ಕಿರುಬೆರಳು ಮಾತ್ರ ಸ್ವಸ್ಥವಾಗಿರುತ್ತದೆ. ಉಂಗುರದ ಬೆರಳಿನಲ್ಲಿ ನಡುಬೆರಳಿನ ಕಡೆಯ ಅರ್ಧ ಮರಗಟ್ಟಿ, ಕಿರುಬೆರಳಿನ ಕಡೆಯ ಅರ್ಧ ಚೆನ್ನಾಗಿರುವುದುಂಟು. ಒಂದೇ ಬೆರಳಿನ ಎರಡು ಪಕ್ಕಗಳಲ್ಲಿ ಸ್ಪರ್ಶ ಬೇರೆ ಬೇರೆಯಾಗಿರುವುದು ನರ ಕತ್ತಿನಲ್ಲಲ್ಲ, ಕೈಯಲ್ಲೇ ಎಲ್ಲೋ ಸಿಕ್ಕಿಕೊಂಡಿದೆ ಎನ್ನುವುದಕ್ಕೆ ಒಳ್ಳೆಯ ಸಾಕ್ಷಿ. ಹೆಬ್ಬೆರಳ ಬುಡದ ಅಂಗೈ ಚರ್ಮಕ್ಕೆ ಹೋಗುವ ಚಿಕ್ಕ ಕವಲು ಈ ಇಕ್ಕಟ್ಟಿನ ದಾರಿಗೆ ಬರುವ ಮೊದಲೇ ಬೇರೆಯಾಗುವುದರಿಂದ ಅಲ್ಲಿ ಸ್ಪರ್ಶ ಉಳಿದಿರುತ್ತದೆ.

ಯಾರಿಗೆ ಬರುತ್ತದೆ? ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಗರ್ಭಿಣಿಯರಲ್ಲಿ ದೇಹದಲ್ಲಿ ನೀರು ನಿಲ್ಲುವುದರಿಂದ ಕೊನೆಯ ತಿಂಗಳುಗಳಲ್ಲಿ ಕಾಣಿಸಿಕೊಳ್ಳುವುದುಂಟು, ಹೆರಿಗೆಯ ನಂತರ ಬಹುತೇಕ ತಾನಾಗಿಯೇ ಇಳಿಯುತ್ತದೆ. ಥೈರಾಯ್ಡ್ ಹಾರ್ಮೋನ್ ಕಡಿಮೆಯಿರುವವರು, ಮಧುಮೇಹಿಗಳು, ರುಮಟಾಯ್ಡ್ ಸಂಧಿವಾತದವರು, ತೂಕ ಹೆಚ್ಚಿರುವವರು, ಮಣಿಕಟ್ಟಿನ ಮೂಳೆ ಹಿಂದೆ ಮುರಿದಿದ್ದವರು ಇವರಿಗೆಲ್ಲ ಸಾಧ್ಯತೆ ಹೆಚ್ಚು. ಮುರಿದ ಮಣಿಕಟ್ಟಿನ ನಂತರ ನರ ಅಮುಕಿಕೊಳ್ಳುವುದನ್ನು ಇಂಗ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ 19ನೇ ಶತಮಾನದ ಮಧ್ಯದಲ್ಲೇ ಬರೆದಿಟ್ಟಿದ್ದರು. ಎಲ್ಲದಕ್ಕೂ ಕಂಪ್ಯೂಟರ್ ಕೀಲಿಮಣೆಯನ್ನು ದೂರುವುದು ಈಗಿನ ರೂಢಿ. ಕೀಲಿಮಣೆಗಿಂತ ಬಲ ಹಾಕಿ ಪದೇ ಪದೇ ಹಿಡಿಯುವ, ಮಣಿಕಟ್ಟು ಬಾಗಿಸಿ ಮಾಡುವ, ಅದುರುವ ಯಂತ್ರ ಹಿಡಿದು ಮಾಡುವ ಕೆಲಸಗಳ ವಿರುದ್ಧ ಸಾಕ್ಷ್ಯ ಗಟ್ಟಿಯಾಗಿದೆ. ಕಾರ್ಮಿಕರ ಕೈಗಳ ಬಗ್ಗೆ ನಾವು ಇನ್ನೂ ಹೆಚ್ಚು ಮಾತಾಡಬೇಕು.

ಪರೀಕ್ಷೆ ಸರಳ. ಎರಡೂ ಮಣಿಕಟ್ಟುಗಳನ್ನು ಪೂರ್ತಿ ಕೆಳಕ್ಕೆ ಬಾಗಿಸಿ ಒಂದು ನಿಮಿಷ ಹಾಗೇ ಹಿಡಿದರೆ ಜೋಮು ಬರುತ್ತದೆಯೇ ನೋಡುತ್ತಾರೆ. 1950ರ ದಶಕದಲ್ಲಿ ಈ ರೋಗವನ್ನು ವೈದ್ಯಲೋಕಕ್ಕೆ ಚೆನ್ನಾಗಿ ಪರಿಚಯಿಸಿದ ಅಮೆರಿಕದ ಜಾರ್ಜ್ ಫೇಲನ್ ಹೆಸರು ಇದಕ್ಕಿದೆ. ನರದ ಮೇಲೆ ಬೆರಳಿನಿಂದ ತಟ್ಟಿದಾಗ ವಿದ್ಯುತ್ ಹರಿದಂತಾದರೆ ಅದು ಟಿನೆಲ್ ಚಿಹ್ನೆ. ಫ್ರಾನ್ಸಿನ ವೈದ್ಯ ಜೂಲ್ಸ್ ಟಿನೆಲ್ 1915ರಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ, ಇದನ್ನು ವಿವರಿಸಿದರು. ಎರಡೂ ಪರೀಕ್ಷೆಗಳು ಕೆಲವೊಮ್ಮೆ ತಪ್ಪು ಹೇಳುತ್ತವೆ. ಅನುಮಾನವಿದ್ದರೆ, ಶಸ್ತ್ರಚಿಕಿತ್ಸೆಯ ಯೋಚನೆಯಿದ್ದರೆ, ನರದಲ್ಲಿ ವಿದ್ಯುತ್ ಎಷ್ಟು ವೇಗವಾಗಿ ಹರಿಯುತ್ತದೆ ಎಂದು ಅಳೆಯುವ ಪರೀಕ್ಷೆ ಮಾಡಿಸುತ್ತಾರೆ.

ಚಿಕಿತ್ಸೆಯಲ್ಲಿ ಮೊದಲನೆಯದು ರಾತ್ರಿ ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿ. ನೇರವಾಗಿ ಎಂಬುದು ಮುಖ್ಯ, ಹಿಂದಕ್ಕೆ ಬಾಗಿಸಿ ಹಿಡಿಯುವ ಪಟ್ಟಿಯಿಂದ ಒತ್ತಡ ಇಳಿಯುವುದಿಲ್ಲ. ಕೆಲವು ವಾರ ಬಿಡದೆ ಕಟ್ಟಿಕೊಂಡರೆ ಬಹಳಷ್ಟು ಮಂದಿಗೆ ನಿದ್ದೆ ಮರಳುತ್ತದೆ. ಸ್ಟೆರಾಯ್ಡ್ ಚುಚ್ಚುಮದ್ದು ಆರಾಮ ಕೊಡುತ್ತದೆ, ಹಲವರಲ್ಲಿ ಆ ಆರಾಮ ಕೆಲವು ತಿಂಗಳದ್ದು. ಇವುಗಳಿಂದ ಆಗದಿದ್ದರೆ ಮೇಲಿನ ಅಸ್ಥಿರಜ್ಜನ್ನು ಸೀಳಿ ಜಾಗ ಮಾಡಿಕೊಡುವ ಶಸ್ತ್ರಚಿಕಿತ್ಸೆ ಇದೆ. ಆ ಭಾಗಕ್ಕಷ್ಟೇ ಅರಿವಳಿಕೆ ಕೊಟ್ಟು ಮಾಡುವ ಸಣ್ಣ ಶಸ್ತ್ರಚಿಕಿತ್ಸೆ ಅದು, ಸಾಮಾನ್ಯವಾಗಿ ಅಂದೇ ಮನೆಗೆ ಕಳಿಸುತ್ತಾರೆ.

ಜೋಮು ಕಡಿಮೆಯಾಗಿ, ಕೈಯಿಂದ ಲೋಟ ಜಾರತೊಡಗಿ, ಗುಂಡಿ ಹಾಕಲು ಕಷ್ಟವಾಗಿ, ಹೆಬ್ಬೆರಳ ಬುಡದ ದಪ್ಪ ಮಾಂಸಖಂಡ ಸೊರಗಿ ಚಪ್ಪಟೆಯಾಗುತ್ತಿದ್ದರೆ ರೋಗ ವಾಸಿಯಾಗುತ್ತಿಲ್ಲ, ಮುಂದುವರಿದಿದೆ. ಎಚ್ಚರಿಕೆ ಕೊಡುತ್ತಿದ್ದ ಎಳೆಗಳೇ ಸತ್ತುಹೋದ್ದರಿಂದ ಸದ್ದಡಗಿದೆ. ಈ ಹಂತದಲ್ಲಿ ಮುಲಾಮು, ಮಸಾಜು ಎಂದು ಕಾಲ ಕಳೆದರೆ ಆ ಮಾಂಸಖಂಡ ಶಸ್ತ್ರಚಿಕಿತ್ಸೆಯ ನಂತರವೂ ಪೂರ್ತಿ ಮರಳದೆ ಹೋಗಬಹುದು.

ಕಿರುಬೆರಳಿನ ಕಡೆ

ಕಿರುಬೆರಳು ಮತ್ತು ಅದರ ಪಕ್ಕದ ಅರ್ಧ ಉಂಗುರಬೆರಳು ಮರಗಟ್ಟಿದರೆ ದೃಷ್ಟಿ ಮೊಣಕೈ ಕಡೆ ಹೋಗಬೇಕು. ಮೊಣಕೈಯ ಒಳಬದಿ ಏನಾದರೂ ತಗುಲಿದಾಗ ಕಿರುಬೆರಳವರೆಗೆ ಮಿಂಚು ಹರಿದಂತಾಗುತ್ತದಲ್ಲ, ಅಲ್ಲಿ ಚರ್ಮದ ಕೆಳಗೇ ಮೂಳೆಯ ಹಿಂದಿನ ಸಂದಿಯಲ್ಲಿ ಅಲ್ನಾರ್ ನರ ಹಾದುಹೋಗುತ್ತದೆ. ಮೊಣಕೈ ಮಡಿಸಿದಷ್ಟೂ ಅದು ಎಳೆದುಕೊಂಡು ಬಿಗಿಯಾಗುತ್ತದೆ. ಕೈ ಪೂರ್ತಿ ಮಡಚಿ ಕೆನ್ನೆಯಡಿ ಇಟ್ಟು ಮಲಗುವವರಿಗೆ, ಗಂಟೆಗಟ್ಟಲೆ ಫೋನ್ ಕಿವಿಗೆ ಹಿಡಿಯುವವರಿಗೆ, ಮೇಜಿನ ಅಂಚಿಗೆ ಮೊಣಕೈ ಊರಿ ಕೆಲಸ ಮಾಡುವವರಿಗೆ ತೊಂದರೆ ಇಲ್ಲಿಂದ ಶುರುವಾಗುತ್ತದೆ.

ಈ ನರ ಸ್ಪರ್ಶಕ್ಕಿಂತ ಬಲದ ಕೆಲಸವನ್ನೇ ಹೆಚ್ಚು ಹೊತ್ತಿದೆ. ಅಂಗೈಯೊಳಗಿನ ಸಣ್ಣ ಸ್ನಾಯುಗಳಲ್ಲಿ ಬಹುಪಾಲು ಇದರ ಅಧೀನ. ಹಾಗಾಗಿ ಇದು ಕೆಟ್ಟಾಗ ಹಿಡಿತ ಸಡಿಲವಾಗುತ್ತದೆ, ಬೀಗದ ಕೈ ತಿರುಗಿಸುವುದು ಕಷ್ಟವಾಗುತ್ತದೆ, ಬೆರಳುಗಳನ್ನು ಅಗಲಿಸಲು ಆಗುವುದಿಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ಕೈಯ ಹಿಂಬದಿಯಲ್ಲಿ, ಗುಳಿ ಬಿದ್ದಿದ್ದರೆ ಅಲ್ಲಿನ ಸ್ನಾಯು ಸೊರಗಿದೆ. ಎರಡೂ ಕೈಗಳನ್ನು ಪಕ್ಕಪಕ್ಕ ಇಟ್ಟು ನೋಡಿಕೊಂಡರೆ ವ್ಯತ್ಯಾಸ ಕಾಣುತ್ತದೆ. ಶುರುವಿನಲ್ಲಿದ್ದರೆ ರಾತ್ರಿ ಮೊಣಕೈಗೆ ಮೃದುವಾದ ಟವೆಲ್ ಸುತ್ತಿ ಪೂರ್ತಿ ಮಡಚದಂತೆ ನೋಡಿಕೊಳ್ಳುವುದು, ಹಗಲು ಮೊಣಕೈ ಊರದಿರುವುದು, ಇಷ್ಟರಿಂದಲೇ ಬಹಳ ಮಂದಿಗೆ ಇಳಿಯುತ್ತದೆ.

ಅದೇ ನರ ಮಣಿಕಟ್ಟಿನಲ್ಲೂ ಸಿಕ್ಕಿಕೊಳ್ಳಬಹುದು. ದೂರದ ಸೈಕಲ್ ಸವಾರಿಯಲ್ಲಿ ಅಂಗೈಯ ಬುಡ ಹ್ಯಾಂಡಲ್ ಮೇಲೆ ಒತ್ತಿ ಹೀಗಾಗುವುದು ಹೆಚ್ಚು. ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯುವ ಉಪಾಯ ಕೈಯ ಹಿಂಬದಿಯಲ್ಲಿದೆ. ಆ ಭಾಗಕ್ಕೆ ಹೋಗುವ ಕವಲು ಮಣಿಕಟ್ಟಿಗಿಂತ ಮೇಲೆಯೇ ಒಡೆಯುತ್ತದೆ. ಹಾಗಾಗಿ ಕಿರುಬೆರಳ ಕಡೆಯ ಹಿಂಗೈ ಕೂಡ ಮರಗಟ್ಟಿದ್ದರೆ ತೊಂದರೆ ಮೊಣಕೈಯಲ್ಲಿ, ಹಿಂಗೈ ಚೆನ್ನಾಗಿದ್ದರೆ ಮಣಿಕಟ್ಟಿನಲ್ಲಿ. ಮರಗಟ್ಟುವಿಕೆ ಮಣಿಕಟ್ಟು ದಾಟಿ ಮುಂಗೈಯ ಒಳಬದಿಗೂ ಏರಿದ್ದರೆ ಇದು ಅಲ್ನಾರ್ ನರದ್ದಷ್ಟೇ ಅಲ್ಲ. ಆ ಚರ್ಮ ಬೇರೊಂದು ನರದ ಪಾಲಿನದು. ಆಗ ಕತ್ತು ಅಥವಾ ಹೆಗಲಿನ ಕಡೆ ಹುಡುಕಬೇಕು.

ಹೆಬ್ಬೆರಳ ಹಿಂಬದಿ ಮಾತ್ರ ಮರಗಟ್ಟಿದರೆ ರೇಡಿಯಲ್ ನರದ ಮೇಲ್ಪದರದ ಕವಲನ್ನು ಬಿಗಿಯಾದ ಗಡಿಯಾರವೋ ಬಳೆಯೋ ಒತ್ತುತ್ತಿರಬಹುದು, ಸಡಿಲಿಸಿ ನೋಡಿ. ಒಂದೇ ಬೆರಳಿನ ಒಂದು ಪಕ್ಕ ಮಾತ್ರ ಹೋಗಿದ್ದರೆ ಆ ಪಕ್ಕದ ಚಿಕ್ಕ ನರಕ್ಕೆ ಪೆಟ್ಟಾಗಿದೆ. ಚಾಕು, ಗಾಜು ಕೊಯ್ದ ನಂತರ ಗಾಯದಿಂದ ತುದಿಯವರೆಗೆ ಸ್ಪರ್ಶ ಇಲ್ಲದಿದ್ದರೆ ನರ ತುಂಡಾಗಿರಬಹುದು. ಚರ್ಮವನ್ನಷ್ಟೇ ಹೊಲಿಸಿಕೊಂಡು ಬರಬೇಡಿ, ಈ ವಿಷಯವನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ತುಂಡಾದ ನರವನ್ನು ಬೇಗ ಜೋಡಿಸಿದರೆ ಫಲ ಉತ್ತಮ.

ಕತ್ತಿನಿಂದ ಬಂದದ್ದು

ಕೈಗೆ ಬರುವ ಎಲ್ಲ ನರಗಳ ಬೇರು ಕತ್ತಿನ ಬೆನ್ನೆಲುಬಿನ ಸಂದುಗಳಿಂದ ಹೊರಡುತ್ತದೆ. ಮೂಳೆಗಳ ನಡುವಿನ ಮೆತ್ತೆಯಾದ ಡಿಸ್ಕ್ ಉಬ್ಬಿ ಬೇರನ್ನು ಒತ್ತಿದರೆ, ವಯಸ್ಸಿನೊಡನೆ ಮೂಳೆ ಬೆಳೆದು ಸಂದು ಕಿರಿದಾದರೆ, ಬೆರಳು ಮರಗಟ್ಟುತ್ತದೆ. ಆರನೆಯ ಬೇರಿನದು ಹೆಬ್ಬೆರಳು, ತೋರುಬೆರಳಿನ ಕಡೆ, ಏಳನೆಯದು ನಡುಬೆರಳು, ಎಂಟನೆಯದು ಕಿರುಬೆರಳು. ಹಾಗಾದರೆ ಮಣಿಕಟ್ಟಿನದೋ ಕತ್ತಿನದೋ ಎಂದು ತಿಳಿಯುವುದು ಹೇಗೆ? ಕತ್ತಿನದಾದರೆ ನೋವು ಕತ್ತಿನಿಂದ, ಹೆಗಲ ಮೂಳೆಯ ಒಳಅಂಚಿನಿಂದ ಹೊರಟು ತೋಳಿನುದ್ದಕ್ಕೂ ಇಳಿಯುತ್ತದೆ. ತಲೆಯನ್ನು ಹಿಂದಕ್ಕೆ ಬಾಗಿಸಿ ನೋವಿರುವ ಕಡೆ ತಿರುಗಿಸಿದರೆ ಹೆಚ್ಚುತ್ತದೆ. ಕೈಯನ್ನು ತಲೆಯ ಮೇಲೆ ಇಟ್ಟುಕೊಂಡರೆ ಕೆಲವರಿಗೆ ಹಾಯೆನಿಸುತ್ತದೆ. ಝಾಡಿಸಿದರೆ ಹೋಗುವುದಿಲ್ಲ.

ಈ ನೋವು ಎಷ್ಟೇ ತೀವ್ರವಾಗಿದ್ದರೂ ಬಹುಪಾಲು ಮಂದಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಕೆಲವು ವಾರ, ತಿಂಗಳಲ್ಲಿ ಇಳಿಯುತ್ತದೆ. ಎಂಆರ್‌ಐ ಸ್ಕ್ಯಾನ್ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ನಡುವಯಸ್ಸು ದಾಟಿದ, ಯಾವ ತೊಂದರೆಯೂ ಇಲ್ಲದ ಜನರ ಕತ್ತನ್ನು ಸ್ಕ್ಯಾನ್ ಮಾಡಿದರೂ ಡಿಸ್ಕ್ ಸವೆತ, ಉಬ್ಬು ಸಾಕಷ್ಟು ಕಾಣುತ್ತವೆ. ವರದಿಯಲ್ಲಿ ಉಬ್ಬು ಬರೆದಿದೆ ಎಂದ ಮಾತ್ರಕ್ಕೆ ಅದೇ ನಿಮ್ಮ ಬೆರಳಿನ ಕಾರಣವಲ್ಲ. ಉಬ್ಬಿದ ಜಾಗ ಮತ್ತು ಮರಗಟ್ಟಿದ ಬೆರಳು ಒಂದಕ್ಕೊಂದು ತಾಳೆಯಾಗಬೇಕು. ಮಣಿಕಟ್ಟಿನ ತೊಂದರೆಗೆ ಕತ್ತಿನ ಪಟ್ಟಿ ಕಟ್ಟಿಕೊಂಡು ವರ್ಷ ಕಳೆಯುವವರಿದ್ದಾರೆ, ಅದು ನೋಡಲು ಬೇಸರದ ಸಂಗತಿ.

ಕತ್ತಿನ ಒಂದು ತೊಂದರೆ ಮಾತ್ರ ಕಾಯಲು ಬಿಡಬಾರದ್ದು. ಬೇರಿನ ಬದಲು ಬೆನ್ನುಹುರಿಯೇ ಅಮುಕಿಕೊಂಡರೆ ನೋವು ಇರಲೇಬೇಕೆಂದಿಲ್ಲ. ಎರಡೂ ಕೈ ಬೆರಳುಗಳು ಮರಗಟ್ಟಿ, ಅಕ್ಷರ ಕೆಟ್ಟು, ಗುಂಡಿ ಹಾಕುವುದು, ನಾಣ್ಯ ಹೆಕ್ಕುವುದು ಕಷ್ಟವಾಗಿ, ನಡೆಯುವಾಗ ಕಾಲು ಬಿಗಿದು ತೂರಾಡುವಂತಾಗಿ, ಮೂತ್ರ ತಡೆಯಲಾಗದೆ ಹೋದರೆ ಇದನ್ನು ಶಂಕಿಸಬೇಕು. ವಯಸ್ಸಾಯಿತು ಎಂದು ಮನೆಯವರೇ ಸಮಾಧಾನ ಹೇಳಿಬಿಡುತ್ತಾರೆ. ಇದು ವಯಸ್ಸಿನ ಸಹಜ ಲಕ್ಷಣವಲ್ಲ. ಇಲ್ಲಿ ಎಂಆರ್‌ಐ ಬೇಕೇ ಬೇಕು, ಅದೂ ಬೇಗ.

ಎರಡೂ ಕೈ, ಎಲ್ಲ ಬೆರಳು

ಎರಡೂ ಕೈಗಳ ಎಲ್ಲ ಬೆರಳ ತುದಿಗಳೂ ಸಮಾನವಾಗಿ ಮರಗಟ್ಟಿದರೆ ಒಂದು ನರ ಒಂದು ಜಾಗದಲ್ಲಿ ಸಿಕ್ಕಿಕೊಂಡ ಮಾತಲ್ಲ. ದೇಹದ ನರಗಳೆಲ್ಲ ಒಟ್ಟಿಗೆ ಸೊರಗುತ್ತಿವೆ. ಆಗ ಕಾಲನ್ನು ಕೇಳಬೇಕು. ಅತಿ ಉದ್ದದ ನರಗಳು ಪಾದಕ್ಕೆ ಹೋಗುವುದರಿಂದ ಮಧುಮೇಹದಲ್ಲಿ ಉರಿ, ಜೋಮು ಮೊದಲು ಕಾಲ್ಬೆರಳಲ್ಲಿ ಶುರುವಾಗಿ, ಮೇಲೇರುತ್ತಾ ಮೊಣಕಾಲಿನ ಹತ್ತಿರ ಬಂದಾಗ ಕೈಬೆರಳಿಗೂ ತಾಗುತ್ತದೆ. ಪಾದ ಚೆನ್ನಾಗಿದ್ದು ಕೈ ಮಾತ್ರ ಮರಗಟ್ಟಿರುವ ಮಧುಮೇಹಿಗೆ ಮಣಿಕಟ್ಟಿನ ಇಕ್ಕಟ್ಟು ಇರುವ ಸಾಧ್ಯತೆಯೇ ಹೆಚ್ಚು. "ಶುಗರ್ ಇದೆ, ಅದರಿಂದಲೇ" ಎಂದು ಬಿಟ್ಟುಬಿಟ್ಟರೆ ಸುಲಭವಾಗಿ ಸರಿಮಾಡಬಹುದಾದ ತೊಂದರೆ ಕೈತಪ್ಪುತ್ತದೆ.

ಬಿ12 ಕೊರತೆಯ ನಡೆ ಬೇರೆ. ಅದು ನರಗಳ ಜೊತೆಗೆ ಬೆನ್ನುಹುರಿಯನ್ನೂ ಹಿಡಿಯುವುದರಿಂದ ಕೈಕಾಲು ಹೆಚ್ಚುಕಡಿಮೆ ಒಟ್ಟಿಗೆ ಮರಗಟ್ಟುವುದುಂಟು, ಕತ್ತಲಲ್ಲಿ ನಡೆಯುವಾಗ ಸಮತೋಲ ತಪ್ಪುತ್ತದೆ. ಈ ವಿಟಮಿನ್ ಮಾಂಸ, ಮೀನು, ಮೊಟ್ಟೆ, ಹಾಲಿನಂಥ ಪ್ರಾಣಿಮೂಲದ ಆಹಾರದಲ್ಲಿ ಮಾತ್ರ ಸಹಜವಾಗಿ ಸಿಗುತ್ತದೆ. ಯಕೃತ್ತು ವರ್ಷಗಳಿಗಾಗುವಷ್ಟು ಕೂಡಿಟ್ಟುಕೊಳ್ಳುವುದರಿಂದ ಕೊರತೆ ತಡವಾಗಿ ಹೊರಬೀಳುತ್ತದೆ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನೂ, ಜಠರದ ಆಮ್ಲ ತಗ್ಗಿಸುವ ಮಾತ್ರೆಗಳನ್ನೂ ವರ್ಷಗಟ್ಟಲೆ ನುಂಗುವವರಲ್ಲಿ, ಜಠರದ ಶಸ್ತ್ರಚಿಕಿತ್ಸೆ ಆದವರಲ್ಲಿ ಬಿ12 ಇಳಿಯುತ್ತದೆ. ರಕ್ತಹೀನತೆ ಇಲ್ಲದೆಯೂ ನರಕ್ಕೆ ಪೆಟ್ಟಾಗಬಹುದು. ಬೇಗ ಹಿಡಿದರೆ ಚೆನ್ನಾಗಿ ಮರಳುವ ಕಾಯಿಲೆ ಇದು. ಫೋಲಿಕ್ ಆಮ್ಲವನ್ನಷ್ಟೇ ನುಂಗುತ್ತಿದ್ದರೆ ರಕ್ತ ಸುಧಾರಿಸಿದಂತೆ ಕಂಡು ನರ ಮಾತ್ರ ಕೆಡುತ್ತಾ ಹೋಗಬಹುದು.

ಇದಕ್ಕೆ ತದ್ವಿರುದ್ಧವಾದ ಒಂದು ವಿಷಯ ಬಹಳ ಜನರಿಗೆ ತಿಳಿದಿಲ್ಲ. ಬಿ6 ವಿಟಮಿನ್ ಹೆಚ್ಚಾದರೂ ನರ ಮರಗಟ್ಟುತ್ತದೆ. ಜೋಮಿಗೆ ಎಂದು ಅಂಗಡಿಯಲ್ಲಿ ಕೊಂಡ ಬಿ6 ಮಾತ್ರೆಯನ್ನು ದೊಡ್ಡ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗುವುದರಿಂದ ಜೋಮೇ ಹೆಚ್ಚುವುದುಂಟು. ಇನ್ನೊಂದೆಡೆ, ಕ್ಷಯಕ್ಕೆ ಕೊಡುವ ಐಸೋನಿಯಜಿಡ್ ದೇಹದ ಬಿ6 ಅನ್ನು ಕುಗ್ಗಿಸುವುದರಿಂದ ವೈದ್ಯರೇ ಜೊತೆಗೆ ಸಣ್ಣ ಪ್ರಮಾಣದ ಬಿ6 ಬರೆದುಕೊಡುತ್ತಾರೆ, ಅದನ್ನು ಬಿಡಬಾರದು. ಕ್ಯಾನ್ಸರಿಗೆ ಕೊಡುವ ವಿಂಕ್ರಿಸ್ಟಿನ್, ಪ್ಯಾಕ್ಲಿಟ್ಯಾಕ್ಸೆಲ್, ಸಿಸ್‌ಪ್ಲಾಟಿನ್‌ಗಳೂ ಬೆರಳ ತುದಿಯನ್ನು ಮರಗಟ್ಟಿಸುತ್ತವೆ. ಆಕ್ಸಾಲಿಪ್ಲಾಟಿನ್ ತೆಗೆದುಕೊಂಡವರಿಗೆ ತಣ್ಣನೆಯ ಲೋಟ ಮುಟ್ಟಿದರೂ ಚುರುಗುಟ್ಟುತ್ತದೆ. ಹೇಳಿದರೆ ಪ್ರಮಾಣ ಬದಲಿಸುವ ದಾರಿ ಇರುತ್ತದೆ, ಸಹಿಸಿಕೊಂಡು ಸುಮ್ಮನಿರಬೇಡಿ. ಬಹುಕಾಲದ ಮದ್ಯಪಾನ, ಮೂತ್ರಪಿಂಡ ವೈಫಲ್ಯ, ಥೈರಾಯ್ಡ್ ಕೊರತೆ ಇವೂ ಈ ಸಾಲಿನವೇ. ಕೆಲವೇ ದಿನಗಳಲ್ಲಿ ಜೋಮು ಕಾಲಿನಿಂದ ಮೇಲೇರುತ್ತಾ ಕೈಕಾಲಿನ ಬಲವೇ ಉಡುಗಿಹೋಗುತ್ತಿದ್ದರೆ ಅದು ಗೀಲನ್ ಬಾರೆ ಸಿಂಡ್ರೋಮ್ ಆಗಿರಬಹುದು. ಉಸಿರಾಟದ ಸ್ನಾಯುಗಳನ್ನೂ ಹಿಡಿಯಬಲ್ಲದ್ದರಿಂದ ತಕ್ಷಣ ಆಸ್ಪತ್ರೆ ಸೇರಬೇಕು.

ಕುಷ್ಠರೋಗವನ್ನು ಹೆಸರಿಸಲು ಹಿಂಜರಿಯಬಾರದು. ನಾರ್ವೆಯ ವೈದ್ಯ ಹಾನ್ಸೆನ್ 1873ರಲ್ಲಿ ಗುರುತಿಸಿದ ಬ್ಯಾಕ್ಟೀರಿಯ ಚರ್ಮ ಮತ್ತು ನರಗಳಲ್ಲಿ ನೆಲೆಸುತ್ತದೆ. ಮೊಣಕೈಯ ಅಲ್ನಾರ್ ನರ ಅದಕ್ಕೆ ಬಹಳ ಇಷ್ಟದ ಜಾಗ. ಅಲ್ಲಿ ನರ ಹಗ್ಗದಂತೆ ದಪ್ಪವಾಗಿ ಕೈಗೆ ಸಿಗುತ್ತದೆ. ಬಿಸಿ ಮತ್ತು ನೋವಿನ ಅರಿವು ಮೊದಲೇ ಹೋಗುವುದರಿಂದ ಗೊತ್ತಿಲ್ಲದಂತೆ ಬೆರಳು ಸುಡುತ್ತದೆ. ಮೈಮೇಲೆ ಸ್ಪರ್ಶವಿಲ್ಲದ ಮಸುಕು ಮಚ್ಚೆ ಇದ್ದರೆ ತಪ್ಪದೆ ತೋರಿಸಬೇಕು. ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯಿಂದ ಆರು ತಿಂಗಳಿಂದ ಒಂದು ವರ್ಷದಲ್ಲಿ ಪೂರ್ತಿ ಗುಣವಾಗುವ ಸೋಂಕು ಇದು. ಕೈ ಊನವಾಗುವುದು ಮುಚ್ಚಿಟ್ಟು ತಡಮಾಡಿದಾಗ.

ರಕ್ತನಾಳ, ಉಸಿರು

ಬೆರಳಿನ ಬಣ್ಣ ಬದಲಾಗುತ್ತಿದ್ದರೆ ಆಗ ರಕ್ತದ ಮಾತು ಬರುತ್ತದೆ. ಚಳಿಗೆ, ತಣ್ಣೀರಿಗೆ, ಕೆಲವೊಮ್ಮೆ ಮನಸ್ಸಿನ ಒತ್ತಡಕ್ಕೆ ಬೆರಳು ಸುಣ್ಣದಂತೆ ಬಿಳಿಚಿ, ನೀಲಿಗಟ್ಟಿ, ಬೆಚ್ಚಗಾದ ಮೇಲೆ ಕೆಂಪಾಗುವುದು ರೇನೋ ವಿದ್ಯಮಾನ. ಫ್ರಾನ್ಸಿನ ವೈದ್ಯ ಮೋರಿಸ್ ರೇನೋ 1862ರಲ್ಲಿ ಇದನ್ನು ವರ್ಣಿಸಿದರು. ಹದಿಹರೆಯದಲ್ಲಿ, ಎರಡೂ ಕೈಯಲ್ಲಿ ಬಂದರೆ ಹೆಚ್ಚಾಗಿ ನಿರಪಾಯ, ಬೆಚ್ಚಗಿಟ್ಟುಕೊಂಡರೆ, ಧೂಮಪಾನ ಬಿಟ್ಟರೆ ಸಾಕಾಗುತ್ತದೆ. ನಡುವಯಸ್ಸಿನ ನಂತರ ಹೊಸದಾಗಿ ಶುರುವಾದರೆ, ಬೆರಳ ತುದಿಯಲ್ಲಿ ಹುಣ್ಣಾದರೆ, ಚರ್ಮ ಬಿಗಿಯುತ್ತಿದ್ದರೆ ಸ್ಕ್ಲಿರೋಡರ್ಮಾದಂತಹ ರೋಗಕ್ಕಾಗಿ ಪರೀಕ್ಷೆ ಬೇಕು. ಇಡೀ ಕೈ ಒಮ್ಮೆಲೇ ತಣ್ಣಗಾಗಿ, ಬಿಳಿಚಿ, ತೀವ್ರವಾಗಿ ನೋಯತೊಡಗಿದರೆ ರಕ್ತನಾಳ ಮುಚ್ಚಿರಬಹುದು, ಅದು ತುರ್ತು.

ಗಾಬರಿಯಲ್ಲಿ ಜೋರಾಗಿ ಉಸಿರಾಡಿದಾಗಲೂ ಎರಡೂ ಕೈಯ ಬೆರಳು ಮತ್ತು ಬಾಯಿಯ ಸುತ್ತ ಜುಮುಗುಟ್ಟುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತದ ಆಮ್ಲತೆ ಇಳಿಯುತ್ತದೆ, ಅದರಿಂದ ನರಕ್ಕೆ ದಕ್ಕುವ ಕ್ಯಾಲ್ಸಿಯಂ ಕಡಿಮೆಯಾಗಿ ನರಗಳು ಕೆರಳುತ್ತವೆ. ಇದು ಕಲ್ಪನೆಯಲ್ಲ, ರಕ್ತದಲ್ಲಿ ಅಳೆಯಬಹುದಾದ ಬದಲಾವಣೆ. ಉಸಿರು ನಿಧಾನವಾದರೆ ಅದೂ ಹೋಗುತ್ತದೆ. ಥೈರಾಯ್ಡ್ ಶಸ್ತ್ರಚಿಕಿತ್ಸೆಯಾದ ಕೆಲ ದಿನಗಳಲ್ಲಿ ಇದೇ ಅನುಭವವಾದರೆ ಕ್ಯಾಲ್ಸಿಯಂ ನಿಜಕ್ಕೂ ಕುಸಿದಿರಬಹುದು, ಕೂಡಲೇ ರಕ್ತ ಪರೀಕ್ಷಿಸಬೇಕು.

ವೈದ್ಯರ ಬಳಿ ಹೋಗುವ ಮುನ್ನ

ಒಂದು ಹಾಳೆಯ ಮೇಲೆ ನಿಮ್ಮದೇ ಕೈಯಿಟ್ಟು ಸುತ್ತ ಗೆರೆ ಎಳೆದು, ಮರಗಟ್ಟುವ ಜಾಗಕ್ಕೆ ಬಣ್ಣ ಹಚ್ಚಿ ಒಯ್ಯಿರಿ. ಅಂಗೈಗೊಂದು, ಹಿಂಗೈಗೊಂದು. ಉಂಗುರದ ಬೆರಳಿನ ಎರಡೂ ಪಕ್ಕ ಬೇರೆ ಬೇರೆಯಾಗಿ ಮುಟ್ಟಿ ನೋಡಿ ಗುರುತಿಸಿ. ರಾತ್ರಿ ಎಚ್ಚರವಾಗುತ್ತದೆಯೇ, ಯಾವ ಭಂಗಿಯಲ್ಲಿ ಹೆಚ್ಚುತ್ತದೆ, ಪಾದ ಹೇಗಿದೆ, ಯಾವ ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಬರೆದುಕೊಳ್ಳಿ. ಸಕ್ಕರೆ, ಥೈರಾಯ್ಡ್, ಬಿ12ರ ರಕ್ತಪರೀಕ್ಷೆ ಸಾಮಾನ್ಯವಾಗಿ ಮೊದಲು ಬರುತ್ತದೆ. ನರದ ವಿದ್ಯುತ್ ಪರೀಕ್ಷೆ ದಪ್ಪ ಎಳೆಗಳನ್ನಷ್ಟೇ ಅಳೆಯಬಲ್ಲದು. ತೆಳು ಎಳೆಗಳ ಕಾಯಿಲೆಯಲ್ಲಿ ಉರಿ ಇದ್ದೂ ವರದಿ ಸರಿಯಾಗಿಯೇ ಬರಬಹುದು, ಆಗ "ನಿಮಗೇನೂ ಇಲ್ಲ" ಎಂಬ ಮಾತಿಗೆ ತೃಪ್ತರಾಗಬೇಕಿಲ್ಲ. ಕಾರಣ ಒಂದೇ ಇರಬೇಕೆಂದೂ ಇಲ್ಲ. ಮಧುಮೇಹದಿಂದ ಸೊರಗಿದ ನರ ಮಣಿಕಟ್ಟಿನ ಸಣ್ಣ ಒತ್ತಡಕ್ಕೂ ಬೇಗ ಮಣಿಯುತ್ತದೆ.

ಸ್ಪರ್ಶ ಮರಳುವವರೆಗೆ ಆ ಕೈಯನ್ನು ಕಣ್ಣಿನಿಂದ ಕಾಯಬೇಕು. ನೀರಿನ ಬಿಸಿಯನ್ನು ಇನ್ನೊಂದು ಕೈಯಿಂದ ನೋಡಿ. ಬಿಸಿ ಪಾತ್ರೆಯನ್ನು ಬಟ್ಟೆಯಿಲ್ಲದೆ ಹಿಡಿಯಬೇಡಿ. ದಿನಕ್ಕೊಮ್ಮೆ ಬೆರಳುಗಳನ್ನು ತಿರುಗಿಸಿ ಗಾಯ, ಬೊಬ್ಬೆ ಇದೆಯೇ ಎಂದು ಪರೀಕ್ಷಿಸಿಕೊಳ್ಳಿ.

ಚಿಕಿತ್ಸೆ ಶುರುವಾದ ಮೇಲೆ ಎಷ್ಟು ಕಾಲ? ಅಮುಕಿದ್ದ ನರದ ಹೊದಿಕೆಯಷ್ಟೇ ಸವೆದಿದ್ದರೆ ರಾತ್ರಿಯ ಜೋಮು ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ನಿಂತು, ಉಳಿದದ್ದು ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಒಳಗಿನ ಎಳೆ ಸತ್ತಿದ್ದರೆ ಅದು ಪೆಟ್ಟಾದ ಜಾಗದಿಂದ ತುದಿಯವರೆಗೆ ಮತ್ತೆ ಬೆಳೆದುಕೊಂಡು ಬರಬೇಕು, ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕೈಯಿಂದ ಬೆರಳ ತುದಿಗೆ 40 ಸೆಂಟಿಮೀಟರ್ ಎಂದಿಟ್ಟುಕೊಂಡರೂ ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯುತ್ತದೆ. ಮೊದಲ ತಿಂಗಳುಗಳಲ್ಲಿ ಬೆರಳಲ್ಲಿ ಏನೂ ಬದಲಾಗಿಲ್ಲ ಎನಿಸಿದಾಗ ಚಿಕಿತ್ಸೆ ಸೋತಿತೆಂದು ಬಿಟ್ಟುಬಿಡುವವರಿದ್ದಾರೆ. ಅವರು ಬೆರಳನ್ನಲ್ಲ, ಮುಂಗೈಯನ್ನು ನೋಡಬೇಕು. ನರದ ದಾರಿಯುದ್ದಕ್ಕೂ ಮೆಲ್ಲನೆ ತಟ್ಟುತ್ತಾ ಹೋದರೆ, ಎಳೆ ಎಲ್ಲಿಯವರೆಗೆ ಬೆಳೆದಿದೆಯೋ ಅಲ್ಲಿ ಜುಮ್ಮೆನ್ನುತ್ತದೆ. ಆ ಜಾಗ ತಿಂಗಳಿನಿಂದ ತಿಂಗಳಿಗೆ ಕೆಳಕ್ಕೆ, ಬೆರಳಿನ ಕಡೆಗೆ ಸರಿಯುತ್ತಿದ್ದರೆ ನರ ಬೆಳೆಯುತ್ತಿದೆ. ಸರಿಯದೆ ತಿಂಗಳುಗಟ್ಟಲೆ ಒಂದೇ ಕಡೆ ನಿಂತಿದ್ದರೆ ಕೈಯ ಶಸ್ತ್ರವೈದ್ಯರನ್ನು ಮತ್ತೆ ಕಾಣಬೇಕು.